ರಾಕ್ ಶೋನ ಅಬ್ಬರ: ಕಿವಿ ನೆನಪಿಟ್ಟದ್ದೆಷ್ಟು, ಮೀಟರ್ ತೋರಿಸಿದ್ದೆಷ್ಟು?

ಪ್ರಶ್ನೆ: 2007ರ ಸುಮಾರಿಗೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಒಂದು ದೊಡ್ಡ ರಾಕ್ ಶೋಗೆ ಹೋಗಿದ್ದೆ. ಬ್ಯಾರಿಕೇಡ್‌ಗೆ ಅಂಟಿಕೊಂಡು, ಎಡಗಡೆ ಸ್ಪೀಕರ್‌ಗಳ ಎದುರಿಗೇ ನಿಂತಿದ್ದೆ. ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು, ಆಮೇಲೆ ಸರಿಹೋಯಿತು. ಅಷ್ಟು ಜೋರಿನ ಸೌಂಡ್ ಮತ್ತೆಲ್ಲೂ ಕೇಳಿಲ್ಲ. ಲಂಡನ್ನಿನಲ್ಲಿರುವ ನಮ್ಮ ದೊಡ್ಡಪ್ಪ 1976ರಲ್ಲಿ ‘ದ ಹೂ’ ಬ್ಯಾಂಡನ್ನು ನೋಡಿದವರು. ‘ನಿಮ್ಮದೇನು ಸೌಂಡು, ನಮ್ಮದು 126 ಡೆಸಿಬೆಲ್’ ಅಂತಾರೆ. ಇದು ನಿಜವೇ? ಈಗಿನ ಶೋಗಳು ಅಷ್ಟು ಜೋರಿಲ್ಲವೇ? ನನಗೀಗ 43. ಕಿವಿ ಪರೀಕ್ಷೆಯ ಆಡಿಯೋಗ್ರಾಂ ನಾರ್ಮಲ್ ಬಂದಿದೆ, ಆದರೆ ದರ್ಶಿನಿಯ ಗಲಾಟೆಯಲ್ಲಿ ಎದುರಿಗಿದ್ದವರ ಮಾತು ಹಿಡಿಯುವುದಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ? ಬರುವ ತಿಂಗಳು 12 ವರ್ಷದ ಮಗಳ ಜೊತೆ ಇನ್ನೊಂದು ಶೋಗೆ ಹೋಗುವುದಿದೆ. ಏನು ಮಾಡಬೇಕು?

ಉತ್ತರ: ನಿಮ್ಮ ದೊಡ್ಡಪ್ಪ ಹೇಳುವುದು ಕಟ್ಟುಕತೆಯಲ್ಲ. 1976ರ ಮೇ 31ರಂದು ಲಂಡನ್ನಿನ ಚಾರ್ಲ್‌ಟನ್ ಅಥ್ಲೆಟಿಕ್ ಫುಟ್‌ಬಾಲ್ ಮೈದಾನದಲ್ಲಿ ‘ದ ಹೂ’ ನಡೆಸಿದ ಶೋ ಗಿನ್ನೆಸ್ ಪುಸ್ತಕ ಸೇರಿತು. ಜಗತ್ತಿನ ಅತಿ ಜೋರಿನ ಬ್ಯಾಂಡ್ ಎಂಬ ಪಟ್ಟ ಆಮೇಲೆ ಬಹಳ ವರ್ಷ ಅವರ ಹೆಸರಿನಲ್ಲೇ ಇತ್ತು. ಆದರೆ ಬರೀ ‘126 ಡೆಸಿಬೆಲ್’ ಎನ್ನುವುದು ‘ಊರು 40 ಕಿಲೋಮೀಟರ್’ ಎಂದಷ್ಟೇ ಹೇಳಿದ ಹಾಗೆ. ಎಲ್ಲಿಂದ ಎಂದು ಹೇಳದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ದಾಖಲೆಯ 126 ಅಳೆದದ್ದು ಸ್ಪೀಕರ್‌ಗಳಿಂದ 32 ಮೀಟರ್ ದೂರದಲ್ಲಿ. ಅದೇ ಸಂಜೆಯದೆಂದು ಇನ್ನೊಂದು ಅಂಕಿಯೂ ಓಡಾಡುತ್ತದೆ: 50 ಮೀಟರ್ ದೂರದಲ್ಲಿ 120.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಯಲಿನಲ್ಲಿ ಒಂದೇ ಕಡೆಯಿಂದ ಹೊರಡುವ ಶಬ್ದ, ದೂರ ದುಪ್ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 32 ಮೀಟರಿನಿಂದ 50 ಮೀಟರಿಗೆ ಸರಿದರೆ 4ರ ಆಸುಪಾಸು ಇಳಿಯಬೇಕು. ಆ ಲೆಕ್ಕಕ್ಕೆ 122 ಬರಬೇಕಿತ್ತು, ಬಂದದ್ದು 120. ಆ ಎರಡು ಡೆಸಿಬೆಲ್‌ಗೆ ಯಾರೂ ಜಗಳ ಆಡಬೇಕಾಗಿಲ್ಲ. ಮೀಟರನ್ನು ಎಷ್ಟು ಎತ್ತರಕ್ಕೆ ಹಿಡಿದರು, ಗಾಳಿ ಯಾವ ಕಡೆಗಿತ್ತು, ಮುಳ್ಳು ತುದಿಗೆ ಹಾರಿದ ಕ್ಷಣ ಓದಿದರೋ ಇಲ್ಲ ಕೆಲವು ನಿಮಿಷದ ಸರಾಸರಿ ತೆಗೆದರೋ ಎಂಬುದರಲ್ಲೇ ಅದಕ್ಕಿಂತ ದೊಡ್ಡ ಅಂತರ ಬಂದುಬಿಡುತ್ತದೆ. ಮೀಟರಿನಲ್ಲಿ ‘ಎ’ ಮತ್ತು ‘ಸಿ’ ಎಂಬ ಎರಡು ಅಳತೆಗಳೂ ಇವೆ. ‘ಎ’ ಅಳತೆ ಕಿವಿಯ ಹಾಗೆಯೇ ಬಾಸ್ ಅನ್ನು, ಅಂದರೆ ತಗ್ಗು ಸ್ವರಗಳನ್ನು, ಕಡಿಮೆ ಎಣಿಸುತ್ತದೆ, ‘ಸಿ’ ಬಾಸನ್ನೂ ಪೂರ್ತಿ ಎಣಿಸುತ್ತದೆ. ಬಾಸ್ ದಟ್ಟವಾಗಿರುವ ರಾಕ್ ಶೋನಲ್ಲಿ ಒಂದೇ ಜಾಗ, ಒಂದೇ ಗಳಿಗೆಯಲ್ಲಿ ಇವೆರಡರ ನಡುವೆ 10ರಿಂದ 15 ಡೆಸಿಬೆಲ್ ವ್ಯತ್ಯಾಸ ಕಾಣುವುದು ಮಾಮೂಲು. ಹಾಗಾಗಿ ದೂರ, ಅಳತೆಯ ಬಗೆ, ಎಷ್ಟು ಹೊತ್ತಿನ ಸರಾಸರಿ, ಈ ಮೂರು ಗೊತ್ತಿಲ್ಲದ ಡೆಸಿಬೆಲ್ ದಾಖಲೆಯನ್ನು ಜಾಹೀರಾತು ಎಂದುಕೊಳ್ಳುವುದೇ ಕ್ಷೇಮ.

ಗಿನ್ನೆಸ್‌ನಲ್ಲಿ ‘ದ ಹೂ’ಗಿಂತ ಮೊದಲು ಆ ಪಟ್ಟ ಡೀಪ್ ಪರ್ಪಲ್ ಎಂಬ ಬ್ಯಾಂಡಿನದು: 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ 117 ಡೆಸಿಬೆಲ್. ಅಲ್ಲಿ ಪ್ರೇಕ್ಷಕರಲ್ಲಿ ಮೂವರು ಪ್ರಜ್ಞೆ ತಪ್ಪಿದರು ಎಂಬ ಮಾತನ್ನೂ ಜೊತೆಗೆ ಸೇರಿಸಿ ಹೇಳುತ್ತಾರೆ. 117 ಡೆಸಿಬೆಲ್ ಶಬ್ದ ಕಿವಿ ಕೆಡಿಸುತ್ತದೆ, ಆದರೆ ಆರೋಗ್ಯವಂತರನ್ನು ನೆಲಕ್ಕೆ ಕೆಡವುವುದಿಲ್ಲ. ತುಂಬಿದ ಸಭಾಂಗಣದ ಸೆಕೆ, ಉಸಿರುಗಟ್ಟಿಸುವ ನೂಕುನುಗ್ಗಲು, ಹೊಟ್ಟೆಯಲ್ಲಿದ್ದ ಬಿಯರು, ಇವಕ್ಕೆ ಆ ಶಕ್ತಿ ಧಾರಾಳವಾಗಿದೆ. ಆಮೇಲೆ ಬೇರೆ ಬ್ಯಾಂಡ್‌ಗಳೂ ಇನ್ನೂ ದೊಡ್ಡ ಅಂಕಿಗಳನ್ನು ಹೇಳಿಕೊಂಡವು. ಜನ ಕಿವಿ ಹಾಳುಮಾಡಿಕೊಳ್ಳಲು ತಾನೇ ಕುಮ್ಮಕ್ಕು ಕೊಟ್ಟ ಹಾಗಾಗುತ್ತದೆ ಎಂದು ಗಿನ್ನೆಸ್ ಆ ವಿಭಾಗವನ್ನೇ ಕೈಬಿಟ್ಟಿತು.

ಚಾರ್ಲ್‌ಟನ್ನಿನ ವ್ಯವಸ್ಥೆಯ ವಿವರ ಈಗಲೂ ಕುತೂಹಲದ್ದು. 800 ವಾಟ್‌ನ 80 ಕ್ರೌನ್ ಡಿಸಿ 300ಎ ಆಂಪ್‌ಗಳು (ಸದ್ದು ಹಿಗ್ಗಿಸುವ ಆಂಪ್ಲಿಫೈಯರ್‌ಗಳು), 600 ವಾಟ್‌ನ 20 ಫೇಸ್ ಲೀನಿಯರ್ ಆಂಪ್‌ಗಳು, ಒಟ್ಟು 76,000 ವಾಟ್. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆಂಪ್‌ಗಳಲ್ಲಿ ಅರ್ಧವನ್ನು ಆರಿಸಿ 38,000 ವಾಟ್ ಮಾಡಿದ್ದರೂ ಶಬ್ದ ಇಳಿಯುತ್ತಿದ್ದದ್ದು 3 ಡೆಸಿಬೆಲ್ ಮಾತ್ರ, ‘ಸ್ವಲ್ಪ ಕಡಿಮೆ ಆಯ್ತಲ್ಲ’ ಅನ್ನಿಸುವಷ್ಟು. ಕಿವಿಗೆ ಅರ್ಧ ಆದಂತೆ ಕೇಳಬೇಕಾದರೆ 10 ಡೆಸಿಬೆಲ್ ಇಳಿಯಬೇಕು, ಅಂದರೆ ವಾಟ್ ಹತ್ತನೇ ಒಂದು ಪಾಲಿಗೆ ಬರಬೇಕು. ವಾಟ್ ಲೆಕ್ಕದಲ್ಲಿ ಜಂಬ ಕೊಚ್ಚುವವರು ಮರೆಯುವುದು ಇದನ್ನೇ.

ಹಾಗಾದರೆ ಆ ಕಾಲದವರಿಗೆಲ್ಲ ‘ಅಂಥ ಜೋರು ಮತ್ತೆ ಕೇಳಲೇ ಇಲ್ಲ’ ಎಂದು ಏಕೆ ಅನ್ನಿಸುತ್ತದೆ? ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಜೋರು ಎಂದು ನಮಗೆ ಅನ್ನಿಸುವುದು ಮತ್ತು ಕಿವಿಯ ಮೇಲೆ ಬಿದ್ದ ಒತ್ತಡ ಒಂದೇ ಅಲ್ಲ. ಹಳೆಯ ಶೋಗಳ ಸೌಂಡ್ ಒಡಕಲಾಗಿತ್ತು. ಒಡಕು ಧ್ವನಿ, ಅಳತೆಯಲ್ಲಿ ಅಷ್ಟೇ ಇದ್ದರೂ, ಹೆಚ್ಚು ಜೋರಾಗಿ ಕೇಳುತ್ತದೆ.

ಹಿನ್ನೆಲೆ ಹೀಗಿದೆ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಬೀಟಲ್ಸ್ 55,000ಕ್ಕೂ ಹೆಚ್ಚು ಜನರ ಮುಂದೆ ಹಾಡಿದಾಗ ಅವರ ಹತ್ತಿರ ಇದ್ದದ್ದು 100 ವಾಟ್‌ನ ವಾಕ್ಸ್ ಆಂಪ್‌ಗಳು, ಮತ್ತು ಪಂದ್ಯದ ವೇಳೆ ಪ್ರಕಟಣೆ ಕೂಗಲೆಂದು ಇಟ್ಟಿದ್ದ ಮೈದಾನದ ಸ್ಪೀಕರ್‌ಗಳು. ಜನರ ಕಿರುಚಾಟ ಬ್ಯಾಂಡನ್ನು ಪೂರ್ತಿ ಮುಳುಗಿಸಿತು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ‘ದ ಹೂ’ನ ಪೀಟ್ ಟೌನ್‌ಶೆಂಡ್, ಜಾನ್ ಎಂಟ್‌ವಿಸಲ್ ಅವರು ಆಂಪ್ ತಯಾರಿಸುತ್ತಿದ್ದ ಜಿಮ್ ಮಾರ್ಷಲ್ ಅವರ ಬೆನ್ನು ಬಿದ್ದು 100 ವಾಟ್‌ನ ಗಿಟಾರ್ ಆಂಪ್ ಮಾಡಿಸಿಕೊಂಡರು. ಟೌನ್‌ಶೆಂಡ್ ಕೇಳಿದ್ದು 12 ಇಂಚಿನ ಎಂಟು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ. ಅದನ್ನು ಹೊರುವವರು ಬೆನ್ನು ಹಿಡಿದುಕೊಂಡು ಗೊಣಗಿದ ಮೇಲೆ, ನಾಲ್ಕು ನಾಲ್ಕರಂತೆ ಎರಡು ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಇಟ್ಟರು. ಇವತ್ತಿಗೂ ಪೋಸ್ಟರುಗಳಲ್ಲಿ ಕಾಣುವ ಮಾರ್ಷಲ್ ಸ್ಟ್ಯಾಕ್ ಹುಟ್ಟಿದ್ದು ಹಾಗೆ.

ವೇದಿಕೆಯ ಮೇಲೆ ಇಂಥ ಸ್ಟ್ಯಾಕುಗಳು ಸಾಲಾಗಿ ನಿಂತು ಪೂರ್ತಿ ವಾಲ್ಯೂಮಿನಲ್ಲಿ ಕೂಗತೊಡಗಿದವು. ಹಾಡುವವರ ದನಿಯನ್ನು ಅದರ ಮೇಲೆ ಏರಿಸಲು ಪ್ರೇಕ್ಷಕರ ಕಡೆಗಿನ ಸ್ಪೀಕರ್‌ಗಳನ್ನು ನಡೆಸುವ ಪಿ.ಎ. ಆಂಪ್‌ಗಳನ್ನು ತಾಕತ್ತು ಮೀರಿ ಓಡಿಸಬೇಕಾಯಿತು. ತಾಕತ್ತು ಮೀರಿದ ಆಂಪ್ ಅಲೆಯ ನೆತ್ತಿಯನ್ನು ಕತ್ತರಿಸಿ ಹಾಕುತ್ತದೆ. ಸೌಂಡ್‌ನವರ ಮಾತಿನಲ್ಲಿ ‘ಕ್ಲಿಪ್’ ಆಗುತ್ತದೆ. ಕತ್ತರಿಸಿದ ಅಲೆಯಿಂದ ಮೂಲ ಸ್ವರದಲ್ಲಿ ಇಲ್ಲದ ಮೇಲಿನ ಕಂಪನಗಳು ಹುಟ್ಟುತ್ತವೆ, ಅವುಗಳ ದೊಡ್ಡ ಪಾಲು 2,000ದಿಂದ 5,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ನಡುವೆ ಬಂದು ಬೀಳುತ್ತದೆ. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದೂ ಅಲ್ಲೇ, ಮಗು ಅಳುವಾಗ ಕಿವಿಗೆ ಚುಚ್ಚುವುದೂ ಅದೇ ಜಾಗದಲ್ಲಿ. ಜೊತೆಗೆ ಹಾರ್ನ್ ಸ್ಪೀಕರ್‌ಗಳ ಒಡಕು, ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಆಗಾಗ ‘ಕೂಂಯ್’ ಎನ್ನುವ ಫೀಡ್‌ಬ್ಯಾಕ್, ಸುತ್ತಲಿನ ಜನರ ಕೂಗು. ಮೀಟರ್ 105 ತೋರಿಸುತ್ತಿದ್ದರೂ ಮಿದುಳು ‘ತಡೆಯಲಾರೆ’ ಎನ್ನುತ್ತಿತ್ತು.

ಇದಕ್ಕೆ ಎದುರು ಬದುರಾಗಿ ನಿಲ್ಲುವುದು 1974ರಲ್ಲಿ ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡ್ ಊರೂರಿಗೆ ಹೊತ್ತು ತಿರುಗಿದ ‘ವಾಲ್ ಆಫ್ ಸೌಂಡ್’. ಸುಮಾರು 600 ಸ್ಪೀಕರ್, 26,000 ವಾಟ್ ಚಿಲ್ಲರೆ. ಚಾರ್ಲ್‌ಟನ್ನಿನದರ ಮೂರನೇ ಒಂದು ಪಾಲು. ಪ್ರತಿ ವಾದ್ಯಕ್ಕೂ ತನ್ನದೇ ಆಂಪ್, ತನ್ನದೇ ಸ್ಪೀಕರ್ ಸಾಲು. ಸ್ಪೀಕರ್ ಗೋಡೆ ಹಾಡುವವರ ಬೆನ್ನ ಹಿಂದೆಯೇ ಇದ್ದದ್ದರಿಂದ ಫೀಡ್‌ಬ್ಯಾಕ್ ತಪ್ಪಿಸಲು ಒಬ್ಬೊಬ್ಬರಿಗೂ ಎರಡು ಮೈಕು ಜೋಡಿಸಿ, ಒಂದನ್ನು ಉಲ್ಟಾ ಸೇರಿಸಿದರು. ಎರಡಕ್ಕೂ ಸಮನಾಗಿ ಬೀಳುವ ಗೋಡೆಯ ಸದ್ದು ತನ್ನನ್ನು ತಾನೇ ಅಳಿಸಿಕೊಳ್ಳುತ್ತಿತ್ತು, ಒಂದೇ ಮೈಕಿಗೆ ತುಟಿ ತಾಗಿಸಿ ಹಾಡಿದ ದನಿ ಮಾತ್ರ ಉಳಿಯುತ್ತಿತ್ತು. ಜನ ಅದನ್ನು ನೆನೆಯುವುದು ಜೋರಿಗಲ್ಲ, ದೂರದವರೆಗೂ ಮಾಸದ ಸ್ಪಷ್ಟತೆಗೆ.

ಇವತ್ತಿನ ಶೋ ಈ ಎರಡನೇ ದಾರಿಯದು. 1992ರಲ್ಲಿ ಫ್ರಾನ್ಸಿನ ಕ್ರಿಶ್ಚಿಯನ್ ಹೈಲ್ ವಿ-ಡಾಸ್ಕ್ ಎಂಬ ಲೈನ್ ಅರೇ ತಂದ ಮೇಲೆ, ವೇದಿಕೆಯ ಎರಡೂ ಬದಿಗೆ ಬಾಗಿದ ಸಾಲಾಗಿ ತೂಗುವ ಸ್ಪೀಕರ್‌ಗಳೇ ಎಲ್ಲೆಡೆ ಬಂದವು. ಅವುಗಳ ಶಬ್ದ, ಸ್ವಲ್ಪ ದೂರದವರೆಗೆ, ದೂರ ದುಪ್ಪಟ್ಟಾದರೆ 6ರ ಬದಲು 3 ಡೆಸಿಬೆಲ್ಲೇ ಇಳಿಯುತ್ತದೆ. ಹಾಗಾಗಿ ಹಿಂದಿನವರಿಗೆ ಕೇಳಿಸಲೆಂದು ಮುಂದಿನವರನ್ನು ಹುರಿಯಬೇಕಾಗಿಲ್ಲ. ವಾಟ್ ಹಿಂದಿಗಿಂತ ಎಷ್ಟೋ ಪಾಲು ಹೆಚ್ಚು ಇದ್ದರೂ ಅದು ಕ್ಲಿಪ್ ಆಗದಿರಲು ಇಟ್ಟ ಮೀಸಲು. ಸದ್ದಿಗೆ ಮೇಲ್ಮಿತಿ ಹಾಕುವ ಲಿಮಿಟರ್ ಇರುವುದರಿಂದ ಗೆರೆ ದಾಟುವುದೂ ಕಡಿಮೆ.

ಇದರಿಂದ ಹುಟ್ಟಿದ ಹೊಸ ತೊಂದರೆಯನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಒಡಕಿಲ್ಲದ 105 ಡೆಸಿಬೆಲ್ ಕಿವಿಗೆ ಹಿತವಾಗಿಯೇ ಇರುತ್ತದೆ. ಕಿವಿ ಮುಚ್ಚಿಕೊಳ್ಳೋಣ ಅನ್ನಿಸುವುದೇ ಇಲ್ಲ. 1970ರ ದಶಕದ ಒಡಕು ಸೌಂಡ್ ಕನಿಷ್ಠ ಎಚ್ಚರಿಕೆಯನ್ನಾದರೂ ಕೊಡುತ್ತಿತ್ತು. ಇದರ ಮೇಲೆ ಬಾಸ್‌ಗೆಂದೇ ಇರುವ ಸಬ್‌ವೂಫರ್ ಸ್ಪೀಕರ್‌ಗಳು ಎದೆಗೂಡನ್ನು ನಡುಗಿಸುತ್ತವೆ. ಒಳಗಿವಿಯಲ್ಲಿ ದೇಹದ ಸಮತೋಲ ನೋಡಿಕೊಳ್ಳುವ ಸ್ಯಾಕ್ಯೂಲ್ ಎಂಬ ಭಾಗವೂ ಜೋರಾದ ಬಾಸ್‌ಗೆ ಸ್ಪಂದಿಸುತ್ತದೆ. ತೊಟ್ಟಿಲು ತೂಗಿದ ಹಾಗಿನ ಆ ಸುಖಕ್ಕೆ ಅದೂ ಒಂದು ಕಾರಣ ಎಂಬ ವಾದವಿದೆ. ನೆನಪಿನಲ್ಲಿ ಉಳಿಯುವುದು ಈ ನಡುಕ, ಆ ಗುಂಪು, ಆ ವಯಸ್ಸು. ಡೆಸಿಬೆಲ್ ಅಲ್ಲ. ಹಾಗಾಗಿ ‘ಎಷ್ಟು ಜೋರಾಗಿತ್ತು’ ಎಂಬ ನೆನಪನ್ನು ನಂಬಬೇಡಿ, ‘ಆಮೇಲೆ ಕಿವಿ ಎಷ್ಟು ಹೊತ್ತು ಗುಂಯ್ ಅಂದಿತು’ ಎಂಬ ನೆನಪನ್ನು ನಂಬಿ. ನಿಮ್ಮ ಎರಡು ದಿನದ ಗುಂಯ್‌ಗುಡುವಿಕೆ ಯಾವ ದಾಖಲೆಗಿಂತಲೂ ಹೆಚ್ಚು ಹೇಳುತ್ತದೆ.

ಅರಮನೆ ಮೈದಾನದಲ್ಲಿ ದೊಡ್ಡ ಶೋಗಳಿಗೆ ಕೊರತೆ ಇರಲಿಲ್ಲ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬಂದು ಹೋದದ್ದು ಅಲ್ಲೇ. ಅಷ್ಟು ದೊಡ್ಡ ಬಯಲಿನಲ್ಲಿ ಎಂಜಿನಿಯರ್ ಸೌಂಡ್ ಹದ ಮಾಡುವ ಮಿಕ್ಸರ್ ಇಡುವ ಟೆಂಟು ಸಾಮಾನ್ಯವಾಗಿ ವೇದಿಕೆಯಿಂದ 30 ಮೀಟರ್ ಆಚೀಚೆ ಇರುತ್ತದೆ. ಅಲ್ಲಿ ‘ಎ’ ಅಳತೆಯಲ್ಲಿ 102 ಓಡಿಸುತ್ತಿದ್ದಾರೆ ಎಂದುಕೊಳ್ಳಿ. ಬ್ಯಾರಿಕೇಡಿನಲ್ಲಿ, ಅದೂ ಒಂದು ಬದಿಯ ಸ್ಪೀಕರ್ ಎದುರು ನಿಂತವರಿಗೆ ಅದಕ್ಕಿಂತ 6ರಿಂದ 10 ಡೆಸಿಬೆಲ್ ಹೆಚ್ಚು. ಲೆಕ್ಕಕ್ಕೆ 109 ಇಟ್ಟುಕೊಳ್ಳೋಣ.

ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತ ಹೋಗುತ್ತದೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ, 103ಕ್ಕೆ ಏಳೂವರೆ ನಿಮಿಷ, 109ಕ್ಕೆ ಎರಡು ನಿಮಿಷವೂ ಇಲ್ಲ. ಎರಡು ಗಂಟೆಯ ಶೋ 109ರಲ್ಲಿ ಕೇಳಿದರೆ 64 ದಿನದ ಪಾಲನ್ನು ಒಂದೇ ಸಂಜೆ ತಿಂದ ಹಾಗೆ. ಈ ಸೂತ್ರ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿಯುವವರಿಗಾಗಿ ಮಾಡಿದ್ದು. ಒಂದು ರಾತ್ರಿಯ ಹಾನಿಯನ್ನು ಅದು ಕರಾರುವಾಕ್ಕಾಗಿ ಹೇಳದು, ಆದರೆ ಎಷ್ಟು ಮೀರಿದೆವು ಎಂಬ ಅಂದಾಜಿಗೆ ಸಾಕು. ಚಾರ್ಲ್‌ಟನ್ನಿನ 126 ಅನ್ನು ಸರಾಸರಿ ಎಂದು ಭಾವಿಸಿದರೆ, ನಾಲ್ಕು ಪಟ್ಟು ದೂರ, 128 ಮೀಟರಿನಲ್ಲಿ ನಿಂತವರಿಗೂ 114. ಅವರ ದಿನದ ಪಾಲು ಅರ್ಧ ನಿಮಿಷ ಚಿಲ್ಲರೆಯಲ್ಲಿ ಮುಗಿಯಿತು.

ಕಿವಿಯೊಳಗೆ ಆದದ್ದೇನು? ಕಾಕ್ಲಿಯಾ ಎಂಬ ಸುರುಳಿಯೊಳಗೆ ರೋಮಕೋಶಗಳಿವೆ. ಹೊರಗಿನ ಸಾಲಿನವು ಸುಮಾರು 12,000, ಒಳಗಿನ ಸಾಲಿನವು ಸುಮಾರು 3,500. ಹೊರಗಿನವು ಮೆಲ್ಲನೆಯ ಸದ್ದನ್ನು ಹಿಗ್ಗಿಸಿ ಕೊಡುತ್ತವೆ, ಒಳಗಿನವು ಸುದ್ದಿಯನ್ನು ನರಕ್ಕೆ ದಾಟಿಸುತ್ತವೆ. ಮಿತಿಮೀರಿದ ಶಬ್ದಕ್ಕೆ ಹೊರಗಿನವು ದಣಿದು ಸೋಲುತ್ತವೆ. ಶೋ ಮುಗಿಸಿ ಹೊರಬಂದಾಗ ಕಿವಿಗೆ ಹತ್ತಿ ತುರುಕಿದ ಹಾಗೆ ಆಗುವುದು ಅದಕ್ಕೇ. ಒಂದೆರಡು ದಿನದಲ್ಲಿ ಚೇತರಿಸಿಕೊಂಡರೆ ತಾತ್ಕಾಲಿಕ ನಷ್ಟ, ಕೋಶ ಸತ್ತರೆ ಶಾಶ್ವತ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮೊದಲ ಪೆಟ್ಟು 4,000 ಹರ್ಟ್ಸ್ ಸುತ್ತಮುತ್ತ ಬೀಳುತ್ತದೆ. ಆಡಿಯೋಗ್ರಾಂನಲ್ಲಿ ಅಲ್ಲೊಂದು ತಗ್ಗು ಕಂಡರೆ ಶಬ್ದದ ಹಾವಳಿ ಎಂದು ಶ್ರವಣ ತಜ್ಞರಾದ ಆಡಿಯಾಲಜಿಸ್ಟ್ ಒಂದೇ ನೋಟಕ್ಕೆ ಊಹಿಸುತ್ತಾರೆ.

ನಿಮ್ಮ ಆಡಿಯೋಗ್ರಾಂನಲ್ಲಿ ಆ ತಗ್ಗಿಲ್ಲ. ಆದರೆ ಗಲಾಟೆಯಲ್ಲಿ ಮಾತು ಹಿಡಿಯುತ್ತಿಲ್ಲ. ಇದಕ್ಕೆ ಉತ್ತರ ಹುಡುಕುವ ದಾರಿಯಲ್ಲಿ 2009ರಲ್ಲಿ ಶ್ಯಾರನ್ ಕುಜಾವಾ, ಚಾರ್ಲ್ಸ್ ಲಿಬರ್‌ಮನ್ ಎಂಬ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಪ್ರಯೋಗ ಮುಖ್ಯವಾಯಿತು. 100 ಡೆಸಿಬೆಲ್ ಶಬ್ದವನ್ನು ಎರಡು ಗಂಟೆ ಕೇಳಿಸಿದರು. ಕೆಲವು ವಾರಗಳಲ್ಲಿ ಇಲಿಗಳ ಶ್ರವಣ ಪರೀಕ್ಷೆ ಮೊದಲಿನಂತಾಯಿತು, ರೋಮಕೋಶಗಳೂ ಉಳಿದಿದ್ದವು. ಆದರೆ ಒಳಗಿನ ಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗಳಲ್ಲಿ, ಹೆಚ್ಚಿನ ಸ್ಥಾಯಿಯ ಭಾಗದಲ್ಲಿ, ಅರ್ಧದಷ್ಟು ಹೋಗಿದ್ದವು. ನಿಶ್ಶಬ್ದ ಕೋಣೆಯಲ್ಲಿ ‘ಪೀ’ ಸದ್ದು ಕೇಳಿಸಿಕೊಳ್ಳಲು ಉಳಿದ ಕೊಂಡಿಗಳು ಸಾಕು. ಪಾತ್ರೆ ಸದ್ದು, ಟೋಕನ್ ಕೂಗು, ಪಕ್ಕದ ಟೇಬಲ್ಲಿನ ಹರಟೆಯ ನಡುವಿನಿಂದ ಒಂದು ದನಿಯನ್ನು ಹೆಕ್ಕಿ ತೆಗೆಯಲು ಸಾಲದೇ ಹೋಗಬಹುದು. ಮನುಷ್ಯರಲ್ಲಿ ಇದನ್ನು ಸಾಬೀತು ಮಾಡುವ ಯತ್ನಗಳು ಒಂದೇ ಉತ್ತರ ಕೊಟ್ಟಿಲ್ಲ. ಆದ್ದರಿಂದ ನಿಮ್ಮ ತೊಂದರೆಗೆ 2007ರ ರಾತ್ರಿಯೇ ಕಾರಣ ಎಂದು ಬರೆದುಕೊಡಲು ಯಾರಿಗೂ ಆಗದು.

ಮೊದಲು ಸರಳವಾದದ್ದನ್ನು ನೋಡಿಸಿ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆಯೇ ಎಂದು ಇಎನ್‌ಟಿ ವೈದ್ಯರು ಎರಡು ನಿಮಿಷದಲ್ಲಿ ಹೇಳುತ್ತಾರೆ. ನೀವೇ ಬಡ್ಸ್ ಹಾಕಿ ಕೆದಕಬೇಡಿ, ಅದು ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ. ಆಮೇಲೆ ಆಡಿಯಾಲಜಿಸ್ಟ್ ಹತ್ತಿರ ಮೂರು ಪರೀಕ್ಷೆ ಕೇಳಿ: ಗದ್ದಲದ ನಡುವೆ ಮಾತು ಗುರುತಿಸುವ ಪರೀಕ್ಷೆ, ಹೊರ ರೋಮಕೋಶಗಳ ಮರುದನಿ ಅಳೆಯುವ ಓಎಇ, ಮತ್ತು ಮಾಮೂಲಿ ಆಡಿಯೋಗ್ರಾಂ ನಿಲ್ಲುವ 8,000 ಹರ್ಟ್ಸ್‌ನಿಂದ ಮೇಲಕ್ಕೆ 16,000ದವರೆಗಿನ ಪರೀಕ್ಷೆ. ಮಾತಿನ ಪರೀಕ್ಷೆ ಕನ್ನಡದಲ್ಲೇ ಆಗಲಿ, ಗೊತ್ತಿಲ್ಲದ ಭಾಷೆಯ ಪದ ತಪ್ಪಿದರೆ ಅದು ಕಿವಿಯ ತಪ್ಪಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಕೆಲಸಕ್ಕೆಂದೇ ಇರುವ ಜಾಗ. ‘ನಾರ್ಮಲ್ ಇದೆ, ಹೋಗಿ’ ಎಂಬ ಒಂದು ಚೀಟಿಗೆ ಸುಮ್ಮನಾಗಬೇಡಿ.

ಬರುವ ತಿಂಗಳ ಶೋ ವಿಷಯ. ಕಾನೂನು ನಿಮ್ಮನ್ನು ಕಾಯುತ್ತದೆ ಎಂದುಕೊಳ್ಳಬೇಡಿ. ನಮ್ಮ 2000ದ ಶಬ್ದ ಮಾಲಿನ್ಯ ನಿಯಮಗಳು ಇರುವುದು ಅಕ್ಕಪಕ್ಕದ ಮನೆಯವರಿಗಾಗಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬೇಡ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್, ಸಾರ್ವಜನಿಕ ಜಾಗದ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 10 ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಬ್ಯಾರಿಕೇಡಿನಲ್ಲಿ ನಿಂತವರ ಕಿವಿಯ ಬಗ್ಗೆ ಅದರಲ್ಲಿ ಮಾತಿಲ್ಲ. ಫ್ರಾನ್ಸಿನಲ್ಲಿ 2017ರ ಆದೇಶ ಪ್ರೇಕ್ಷಕರಿಗೇ ಮಿತಿ ಹಾಕಿದೆ: 15 ನಿಮಿಷದ ಸರಾಸರಿ ‘ಎ’ ಅಳತೆಯಲ್ಲಿ 102, ‘ಸಿ’ಯಲ್ಲಿ 118. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸೂಚಿಸಿದ್ದು 15 ನಿಮಿಷದ ಸರಾಸರಿ 100, ಜೊತೆಗೆ ಇಯರ್‌ಪ್ಲಗ್ ಸಿಗುವ ಹಾಗೆ ಮಾಡುವುದು, ಕಿವಿಗೆ ಬಿಡುವು ಕೊಡಲು ಸದ್ದಿಲ್ಲದ ಜಾಗ ಇಡುವುದು. ನಮ್ಮಲ್ಲಿ ಅಲ್ಲಿಯವರೆಗೆ ಪ್ಲಗ್ ನಿಮ್ಮ ಜೇಬಿನಲ್ಲೇ ಇರಬೇಕು.

ಫೋಮ್ ಪ್ಲಗ್ ಅಗ್ಗ, ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ, ಆದರೆ ಬಹಳ ಜನ ತಪ್ಪಾಗಿ ಹಾಕಿಕೊಳ್ಳುತ್ತಾರೆ. ಒಣಗಿದ, ತೊಳೆದ ಕೈಯಲ್ಲಿ ಅದನ್ನು ಬೆರಳುಗಳ ನಡುವೆ ಉರುಳಿಸಿ, ಮಡಿಕೆ ಬೀಳದ ಹಾಗೆ, ಊದುಬತ್ತಿಯ ದಪ್ಪಕ್ಕೆ ತನ್ನಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಡೊಂಕಾದ ಕಿವಿನಾಳ ನೆಟ್ಟಗಾಗುತ್ತದೆ. ತಕ್ಷಣ ಒಳಕ್ಕೆ ತಳ್ಳಿ, ಬೆರಳಿನಿಂದ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬಿಟ್ಟರೆ ಅದು ಉಬ್ಬುತ್ತ ಹೊರಕ್ಕೆ ಬರುತ್ತದೆ. ಸರಿಯಾಗಿ ಕೂತರೆ ನಿಮ್ಮ ಮಾತೇ ತಲೆಯೊಳಗೆ ದಪ್ಪಗೆ ಕೇಳುತ್ತದೆ. ಕನ್ನಡಿಯಲ್ಲಿ ಎದುರಿನಿಂದ ನೋಡಿದಾಗ ಪ್ಲಗ್ ಹೊರಚಾಚಿ ಕಂಡರೆ ತೆಗೆದು ಮತ್ತೆ ಹಾಕಿ. ಬಾಸ್ ಇನ್ನೂ ಧಡಧಡ ಒಳಬರುತ್ತಿದ್ದರೆ ಎಲ್ಲೋ ಸಂದಿ ಉಳಿದಿದೆ ಎಂದೇ ಅರ್ಥ. ಹತ್ತಿ, ಟಿಶ್ಯೂ ಕಾಗದ ಇವು ತಾರಸ್ವರವನ್ನು ತುಸು ಮಂಕು ಮಾಡುತ್ತವೆಯೇ ಹೊರತು ಕಾಪಾಡುವುದಿಲ್ಲ.

ಪ್ಯಾಕಿನ ಮೇಲೆ ಎನ್‌ಆರ್‌ಆರ್ (ಸದ್ದು ಎಷ್ಟು ತಗ್ಗುತ್ತದೆಂಬ ಅಂಕಿ) 33 ಎಂದಿದ್ದರೆ 33 ಡೆಸಿಬೆಲ್ ಇಳಿಯುತ್ತದೆಂದು ನಂಬಬೇಡಿ. ಅದರಿಂದ 7 ಕಳೆದು ಉಳಿದದ್ದರ ಅರ್ಧ ಹಿಡಿಯುವುದು ವಾಡಿಕೆ, ಅಂದರೆ 13. ಅಷ್ಟೇ ಆದರೂ ಲಾಭ ನೋಡಿ: 103ರ ಶೋ ಕಿವಿಯೊಳಗೆ 90 ಆಗುತ್ತದೆ, ಏಳೂವರೆ ನಿಮಿಷದ ಪಾಲು ಎರಡೂವರೆ ಗಂಟೆಗೆ ಹಿಗ್ಗುತ್ತದೆ. ಆಮ್ಸ್ಟರ್‌ಡ್ಯಾಂನ ಬಯಲು ಉತ್ಸವವೊಂದರಲ್ಲಿ 51 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೂ ಇದನ್ನೇ ತೋರಿಸಿತು. ನಾಲ್ಕೂವರೆ ಗಂಟೆ, ಸರಾಸರಿ 100 ಡೆಸಿಬೆಲ್. ಪ್ಲಗ್ ಇಲ್ಲದವರ ಕಿವಿಗಳಲ್ಲಿ ನೂರಕ್ಕೆ 42ರಲ್ಲಿ ತಾತ್ಕಾಲಿಕ ನಷ್ಟ ಕಂಡಿತು, ಪ್ಲಗ್ ಹಾಕಿದವರಲ್ಲಿ ನೂರಕ್ಕೆ 8.

ಫೋಮ್‌ಗೆ ಇರುವ ದೋಷ ಎಂದರೆ ತಾರಸ್ವರವನ್ನು ಹೆಚ್ಚು ನುಂಗಿ ಸಂಗೀತವನ್ನು ಕಂಬಳಿ ಹೊದಿಸಿದ ಹಾಗೆ ಮಾಡುತ್ತದೆ. ಹಾಗಾಗಿಯೇ ಜನ ಎರಡನೇ ಹಾಡಿಗೆ ಕಿತ್ತು ಎಸೆಯುತ್ತಾರೆ. ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಪ್ಲಗ್‌ಗಳು ಎಲ್ಲ ಸ್ಥಾಯಿಯನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುತ್ತವೆ, ವಾಲ್ಯೂಮ್ ತಿರುಗಿಸಿದ ಹಾಗೆ. ವರ್ಷಕ್ಕೆ ಎರಡು ಮೂರು ಶೋ ನೋಡುವವರು ಅದಕ್ಕೆ ದುಡ್ಡು ಹಾಕುವುದು ಸರಿ. ಬ್ಯಾರಿಕೇಡಿನಲ್ಲೇ ನಿಲ್ಲುತ್ತೇನೆ ಎನ್ನುವವರಿಗೆ ಮಾತ್ರ ಫೋಮೇ ಒಳ್ಳೆಯದು, ಸಾಧಾರಣ ಫಿಲ್ಟರ್ ಪ್ಲಗ್ ಅಲ್ಲಿಗೆ ಸಾಲದು. ಮಗಳ ಕಿವಿನಾಳ ಸಣ್ಣದು. ಫೋಮ್ ಆದರೆ ಸಣ್ಣ ಅಳತೆಯದನ್ನು ಕೊಂಡು, ಒಂದು ವಾರ ಮುಂಚೆ ಮನೆಯಲ್ಲೇ ಹಾಕಿಸಿ ನೋಡಿ. ಕೂರದಿದ್ದರೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ತನ್ನಿ. ಹಾಡು ಕೇಳುವ ಹೆಡ್‌ಫೋನ್ ಆ ಕೆಲಸ ಮಾಡುವುದಿಲ್ಲ.

ಜಾಗ ಹಿಡಿಯುವುದಾದರೆ ಮಿಕ್ಸರ್ ಟೆಂಟಿನ ಮುಂದೆ, ನಡುವಿಗೆ. ಸೌಂಡ್ ಎಂಜಿನಿಯರ್ ಇಡೀ ಶೋವನ್ನು ಹದ ಮಾಡುವುದು ಆ ಜಾಗದ ಕಿವಿಗೆ, ಹಾಗಾಗಿ ಮೈದಾನದಲ್ಲೇ ಸೌಂಡ್ ಚೆನ್ನಾಗಿರುವುದೂ ಅಲ್ಲೇ. ಎಡ ಬಲದ ಸಬ್‌ವೂಫರ್‌ಗಳ ಅಲೆಗಳು ಕೂಡಿಕೊಳ್ಳುವುದರಿಂದ ನಟ್ಟನಡುವಿನ ಗೆರೆಯಲ್ಲಿ ಬಾಸ್ ಅತಿಯಾಗಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ವ್ಯತ್ಯಾಸ ಗೊತ್ತಾಗುತ್ತದೆ. ಮೊದಲ ಬ್ಯಾಂಡ್ ಮುಗಿದು ಮುಖ್ಯ ಬ್ಯಾಂಡ್ ಬರುವ ತನಕ ಸ್ಪೀಕರ್‌ಗಳಿಂದ ದೂರ ಹೋಗಿ ಕೂತುಬಿಡಿ. ಕೊನೆಯ ಅರ್ಧ ಗಂಟೆಯಲ್ಲಿ ಪ್ಲಗ್ ತೆಗೆಯುವ ಆಸೆ ಬರುತ್ತದೆ, ಬೇಡ. ಅಷ್ಟು ಹೊತ್ತಿಗೆ ಎಲ್ಲರ ಕಿವಿಯೂ, ಮಿಕ್ಸರ್ ಮುಂದೆ ಕೂತವರದೂ, ದಣಿದಿರುತ್ತದೆ. ಮಿಕ್ಸರಿನಲ್ಲಿ ವಾಲ್ಯೂಮ್ ಏರಿಸುವ ಫೇಡರ್ ತನಗೆ ತಾನೇ ಎಂಬಂತೆ ಮೇಲೇರಿರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಅಳೆದು ನೋಡುವುದಿದ್ದರೆ ನೋಡಿ, ಆದರೆ ಫೋನಿನ ಪುಟ್ಟ ಮೈಕು ಅಷ್ಟು ಜೋರಿಗೆ ತನ್ನ ಮಿತಿ ಮುಟ್ಟಿ ಕಡಿಮೆ ತೋರಿಸುತ್ತದೆ. 100 ಎಂದು ತೋರಿಸಿದರೆ 100 ಅಥವಾ ಅದಕ್ಕಿಂತ ಹೆಚ್ಚು ಎಂದು ಓದಿಕೊಳ್ಳಿ.

ಶೋ ಆದ ಮರುದಿನ ಹೆಡ್‌ಫೋನ್ ಬೇಡ, ಡ್ರಿಲ್ಲಿಂಗ್ ಕೆಲಸ ಬೇಡ. ಗುಂಯ್‌ಗುಡುವಿಕೆ ಒಂದು ದಿನದೊಳಗೆ ಇಳಿಯುತ್ತ ಬರಬೇಕು. ಎರಡು ದಿನ ದಾಟಿದರೆ, ಇಲ್ಲ ಚಮಚ ತಟ್ಟೆಯ ಸದ್ದೂ ಚುಚ್ಚತೊಡಗಿದರೆ ಆಡಿಯಾಲಜಿಸ್ಟ್‌ಗೆ ತೋರಿಸಿ. ಗುಂಯ್ ನಿಲ್ಲಿಸುವ ಮಾತ್ರೆ, ಹನಿ, ಎಣ್ಣೆ ಯಾವುದೂ ಇಲ್ಲ, ಇದೆ ಎನ್ನುವ ಜಾಹೀರಾತಿಗೆ ದುಡ್ಡು ಕಳೆಯಬೇಡಿ. ಉಳಿದುಬಿಟ್ಟ ಗುಂಯ್‌ಗೆ ಶಬ್ದ ಚಿಕಿತ್ಸೆ, ಮನಸ್ಸನ್ನು ಅದರಿಂದ ಬಿಡಿಸುವ ಕೌನ್ಸೆಲಿಂಗ್, ಶ್ರವಣ ಕುಂದಿದ್ದರೆ ಹಿಯರಿಂಗ್ ಏಡ್, ಇವು ಉಪಯೋಗಕ್ಕೆ ಬರುತ್ತವೆ. ಒಂದೇ ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಮಾತ್ರ ‘ನಾಳೆ ನೋಡೋಣ’ ಎನ್ನಬೇಡಿ, ಅದು ಶಬ್ದದ್ದಲ್ಲದೆ ಬೇರೆಯದೇ ತೊಂದರೆಯೂ ಆಗಿರಬಹುದು. ಅವತ್ತೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಬೇಗ ಶುರುವಾದರೆ ಕಿವಿ ಮರಳುವ ಸಾಧ್ಯತೆ ಹೆಚ್ಚು, ಎರಡು ವಾರ ದಾಟಿದ ಮೇಲೆ ಬಹಳ ಕಡಿಮೆ.